ಈ ಸಲ ಎಲ್ಲರೂ ಸೇರಿ

ಡಿಸೆಂಬರ್ 3, ಬೆಳಿಗ್ಗೆ 5.40

ಅಲಾರಂಗೆ ಮುಂಚೆಯೇ ಎಚ್ಚರ. ಸ್ಟವ್ ಮೇಲೆ ಹಾಲು, ಕಟ್ಟೆ ಮೇಲೆ ಪುಸ್ತಕ. ಹಾಲು ಕಾಯುವಷ್ಟರಲ್ಲಿ ಮೂರು ಪುಟ. ಇವರು ಎದ್ದು ಬಂದು ಪುಸ್ತಕದ ಮೇಲೇ ಕಪ್ ಇಟ್ಟರು. ಗುಂಡಗೆ ಕಲೆ ಬಿತ್ತು. "ಓಹ್" ಎಂದರು. ಅಷ್ಟೇ. ಒರೆಸಿದ್ದು ನಾನು.

ಹತ್ತೊಂಬತ್ತು ವರ್ಷದಿಂದ ಲ್ಯಾಬಿನಲ್ಲಿ ನಿಂತುಕೊಂಡು ಊರವರ ರಕ್ತ ತೆಗೆಯುತ್ತಿದ್ದೇನೆ. ಸೀನಿಯರ್ ಟೆಕ್ನಿಷಿಯನ್ ಪರೀಕ್ಷೆ ಜನವರಿ ಎರಡಕ್ಕೆ. ನಲವತ್ತೈದು ತುಂಬಿದವರು ಬರೆಯುವಂತಿಲ್ಲ. ನನಗೆ ಮಾರ್ಚಿಗೆ ತುಂಬುತ್ತದೆ. ಇದೇ ಕೊನೇ ಸಲ. ಪಾಸಾದರೆ ಮೈಕ್ರೋಸ್ಕೋಪ್, ಕುರ್ಚಿ, ಬಾಗಿಲಿರುವ ಒಂದು ರೂಮು. ಆ ಬಾಗಿಲಿನ ಮೇಲೆ ನನಗೆ ಎಷ್ಟು ಆಸೆಯಿದೆ ಎಂದು ಯಾರಿಗೂ ಹೇಳಿಲ್ಲ.

ಮಧ್ಯೆ ವರ್ಷದ ಕೊನೆಯ ರಜೆ. ಇಡೀ ಬಳಗ ಪ್ರತಿ ವರ್ಷದಂತೆ ನಮ್ಮ ಮನೆಗೇ. ಮೂವತ್ತರ ಸಂಜೆ ಬಂದರೆ ಒಂದರ ಸಂಜೆ ಹೊರಡುವುದು. ಇಪ್ಪತ್ತೆರಡು ಬಾಯಿ. ಹದಿನಾರು ವರ್ಷದಿಂದ ಅಷ್ಟಕ್ಕೂ ಎರಡೇ ಕೈ, ಅವು ನನ್ನವು.


ಡಿಸೆಂಬರ್ 7, ಭಾನುವಾರ

ಹೇಳಿಬಿಟ್ಟೆ. ಅತ್ತೆ, ಇವರು, ನಾದಿನಿ, ಮೈದುನ, ಓರಗಿತ್ತಿ — ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ಈ ಸಲ ಪರೀಕ್ಷೆ ಇದೆ, ಅಡುಗೆ ಎಲ್ಲರೂ ಹಂಚಿಕೊಳ್ಳಿ ಎಂದೆ. ಟಿವಿ ಸೌಂಡ್ ಕಡಿಮೆ ಮಾಡಿದರು. ಸಾವಿನ ಸುದ್ದಿಗೂ ಅಷ್ಟು ಕಡಿಮೆ ಮಾಡಿರಲಿಲ್ಲ.

"ಅದಕ್ಕೇನಂತೆ, ಎಲ್ರೂ ಸೇರಿ ಮಾಡಿದ್ರೆ ಆಯ್ತಪ್ಪ" ಎಂದರು ಅತ್ತೆ. "ನಾನು ರುಚಿ ನೋಡ್ತೀನಿ."

ಓರಗಿತ್ತಿ ತಕ್ಷಣ ಫೋನ್ ತೆಗೆದಳು. ಮದುವೆಯಾಗಿ ಬಂದು ಮೂರು ವರ್ಷ, ಇನ್ಷೂರೆನ್ಸ್ ಆಫೀಸಿನಲ್ಲಿ ಕೆಲಸ. ಎಲ್ಲದಕ್ಕೂ ಒಂದು ಪಟ್ಟಿ ಮಾಡುತ್ತಾಳೆ, ಮಲಗುವುದಕ್ಕೂ. ಇನ್ನು ಮೇಲೆ ಇಲ್ಲಿ ಅವಳು ಪಟ್ಟಿ ಮೇಡಂ. ಹತ್ತು ನಿಮಿಷಕ್ಕೆ ಗ್ರೂಪ್ ರೆಡಿ. ಹೆಸರು "ಈ ಸಲ ಎಲ್ಲರೂ ಸೇರಿ". ಪಕ್ಕದಲ್ಲಿ ಸೌಟಿನ ಚಿತ್ರ. ಅವಳು ಸೌಟು ಹಿಡಿದದ್ದನ್ನು ನಾನು ನೋಡಿರುವುದು ಆ ಚಿತ್ರದಲ್ಲಿ ಮಾತ್ರ.


ಡಿಸೆಂಬರ್ 12

ಗ್ರೂಪಿನಲ್ಲಿ ಯಾರು ಏನು ವಹಿಸಿಕೊಂಡರು ಎಂದು ನೋಡಿದೆ. ನಾದಿನಿ — ಸಲಾಡ್. ಮೈದುನ — ಐಸ್. ಇವರು — ಉಸ್ತುವಾರಿ. ಯಾರ ಉಸ್ತುವಾರಿ, ಐಸಿನದೇ? ಚಿಕ್ಕಮಾವ ಹೆಬ್ಬೆರಳಿನ ಚಿತ್ರ ಹಾಕಿ ಕೈ ತೊಳೆದುಕೊಂಡರು. ಉಳಿದದ್ದನ್ನೆಲ್ಲ — ಸೂಪು, ಅನ್ನ, ಎರಡು ಬಗೆ ತರಕಾರಿ, ಹಾಲಿನ ಸಿಹಿ — ಪಟ್ಟಿ ಮೇಡಂ ತನ್ನ ಹೆಸರಿಗೇ ಬರೆದುಕೊಂಡಿದ್ದಾಳೆ. ನನ್ನ ಹೆಸರಿನ ಮುಂದೆ "ಅಕ್ಕ: ಓದು".

ಓದಿ ನಗು ಬಂತು. ಇಪ್ಪತ್ತೆರಡು ಜನರ ಅಡುಗೆ ಎಂದರೆ ಎರಡು ಜನರದ್ದನ್ನು ಹನ್ನೊಂದರಿಂದ ಗುಣಿಸುವುದು ಎಂದುಕೊಂಡಿದ್ದಾಳೆ.


ಡಿಸೆಂಬರ್ 19

ಬ್ರೇಕಿನಲ್ಲಿ ಆರು ಪುಟ. ಹೊಸ ಹುಡುಗಿ ಇವತ್ತು ಎರಡು ಟ್ಯೂಬಿಗೆ ಚೀಟಿ ಅದಲುಬದಲು ಅಂಟಿಸಿದ್ದಳು. ಎಲ್ಲರ ಎದುರಿಗೇ ಬೈದೆ. ಕಣ್ಣಲ್ಲಿ ನೀರು ಬಂತು. ಬರಲಿ, ನಾಲ್ಕು ಹನಿಗೆ ಯಾರೂ ಸಾಯುವುದಿಲ್ಲ.

ಇನ್ನೂ ಐದು ಅಧ್ಯಾಯ ಬಾಕಿ. ಕೊನೆಯ ಎರಡು ಕಷ್ಟದವು. ಮೂವತ್ತೊಂದು, ಒಂದು — ಎರಡು ಪೂರ್ತಿ ದಿನ ಅವಕ್ಕೇ ಇಟ್ಟುಕೊಂಡಿದ್ದೇನೆ.


ಡಿಸೆಂಬರ್ 30, ಸಂಜೆ 7

ಬಂದಿಳಿದರು. ನಾದಿನಿ ಕೈಯಲ್ಲಿ ಸಲಾಡ್ — ಅಂದರೆ ಒಂದು ಚೀಲ ಸೌತೆಕಾಯಿ, ಸಿಪ್ಪೆ ಸಮೇತ. "ಫ್ರೆಶ್ ಆಗಿರ್ಲಿ ಅಂತ ಹಾಗೇ ತಂದೆ ಅತ್ತಿಗೆ. ಹೆಚ್ಚೋದೇನು, ಎರಡು ನಿಮಿಷ." ಆ ಎರಡು ನಿಮಿಷ ಯಾರದು ಎಂದು ಹೇಳಲಿಲ್ಲ. ಸೋಫಾ ಮೇಲೆ ಕಾಲು ಚಾಚಿದಳು. ಮೈದುನ ಐಸ್ ಮರೆತು ಬಂದಿದ್ದಾನೆ. ಇವರು ಉಸ್ತುವಾರಿ ಶುರು ಮಾಡಿದ್ದಾರೆ — ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ದ್ರಾಕ್ಷಿ ತಿನ್ನುತ್ತಿದ್ದಾರೆ.

ಪಟ್ಟಿ ಮೇಡಂ ಹೊಸ ಏಪ್ರನ್ ಕಟ್ಟಿಕೊಂಡು ಬಂದಳು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ಅಕ್ಕ, ಯಾವ್ದು ಎಲ್ಲಿದೆ ಅಂತ ಒಂದ್ಸಲ ತೋರಿಸ್ಬಿಡ್ತೀರಾ? ಆಮೇಲೆ ನಿಮ್ಮನ್ನ ಕೂಗಲ್ಲ."

"ಎಲ್ಲಾ ಡಬ್ಬಿ ಮೇಲೂ ಚೀಟಿ ಇದೆ. ಓದೋಕೆ ಬರುತ್ತಲ್ಲ ನಿಂಗೆ."

ನಾದಿನಿ ಕಿಸಕ್ಕೆಂದಳು. ಪಟ್ಟಿ ಮೇಡಂ ಸುಮ್ಮನೆ ತಲೆಯಾಡಿಸಿದಳು. ಚೆನ್ನಾಗಿತ್ತು ಮಾತು. ಮಹಡಿಗೆ ಬಂದು ಪುಸ್ತಕ ತೆರೆದೆ.


ಡಿಸೆಂಬರ್ 31, ಬೆಳಿಗ್ಗೆ 9

ಮಹಡಿಯ ರೂಮು. ಬಾಗಿಲು ಹಾಕಿದೆ. ಆರರಿಂದ ಓದುತ್ತಿದ್ದೇನೆ. ಯಾರೂ ಕೂಗಿಲ್ಲ. ಕೆಳಗೆ ಚಾಕುವಿನ ಸದ್ದು ಬರುತ್ತಿದೆ — ಟಕ್, ತುಂಬಾ ಹೊತ್ತು ಏನಿಲ್ಲ, ಮತ್ತೆ ಟಕ್. ಈ ವೇಗದಲ್ಲಿ ಈರುಳ್ಳಿ ಮುಗಿಯುವುದು ಮುಂದಿನ ವರ್ಷ. ಮುಂದಿನ ವರ್ಷ ನಾಳೆಯೇ ಎನ್ನುವುದು ಅವಳ ಪುಣ್ಯ.

ಒಂದು ಅಧ್ಯಾಯ ಅರ್ಧ ಆಯಿತು. ತಲೆಗೆ ಹತ್ತುತ್ತಿದೆ.


ಡಿಸೆಂಬರ್ 31, ಬೆಳಿಗ್ಗೆ 11.25

ಇದನ್ನು ಇದ್ದ ಹಾಗೇ ಬರೆದಿಡಬೇಕು. ಇಲ್ಲೂ ಸುಳ್ಳು ಬರೆದರೆ ಯಾರಿಗೆ ಬರೆದ ಹಾಗೆ?

ನೀರು ಕುಡಿಯಲು ಎದ್ದೆ. ಮೆಟ್ಟಿಲು ನೇರ ಅಡುಗೆಮನೆಗೇ ಇಳಿಯುತ್ತದೆ. ಅರ್ಧ ಇಳಿದಿದ್ದೆ. ಪಟ್ಟಿ ಮೇಡಂ ಬೆನ್ನು ಹಾಕಿ ನಿಂತಿದ್ದಳು. ದೊಡ್ಡ ಪಾತ್ರೆಯಲ್ಲಿ ಆರು ಲೀಟರ್ ಹಾಲು, ಅಕ್ಕಿ ಬೆಂದು ಗಟ್ಟಿಯಾಗಿತ್ತು. ಬಣ್ಣ ಕೆನೆಗೆ ತಿರುಗಿತ್ತು. ವಾಸನೆಯೂ ಸರಿಯಾಗಿತ್ತು. ಅದೇ ನನಗೆ ಚುಚ್ಚಿದ್ದು.

ಅವಳು ಮೇಲಿನ ಶೆಲ್ಫಿನಿಂದ "ಸಕ್ಕರೆ" ಎಂದು ಬರೆದ ಡಬ್ಬಿ ಇಳಿಸಿದಳು.

ನನ್ನ ಅಡುಗೆಮನೆಯಲ್ಲಿ ಯಾವ ಚೀಟಿಯೂ ನಿಜವಲ್ಲ. ಕಾಫಿ ಡಬ್ಬಿಯಲ್ಲಿ ಸಕ್ಕರೆ, ರವೆ ಡಬ್ಬಿಯಲ್ಲಿ ಕಾಫಿ, ಟೀ ಡಬ್ಬಿಯಲ್ಲಿ ಗುಂಡಿ-ದಾರ. ಖಾಲಿಯಾದಾಗ ಕೈಗೆ ಸಿಕ್ಕಿದ್ದಕ್ಕೆ ಸುರಿದದ್ದು. ಚೀಟಿ ಬದಲಿಸುವುದು ಯಾರಿಗೆ ಬೇಕಿತ್ತು, ಅಲ್ಲಿ ಕೈ ಹಾಕುತ್ತಿದ್ದದ್ದು ನಾನೊಬ್ಬಳೇ. ಲ್ಯಾಬಿನಲ್ಲಿ ತಪ್ಪು ಚೀಟಿಗೆ ಹುಡುಗಿಯನ್ನು ಅಳಿಸುತ್ತೇನೆ. ಮನೆಯಲ್ಲಿ ಹೀಗೆ. ನಿನ್ನೆ "ಓದೋಕೆ ಬರುತ್ತಲ್ಲ" ಎಂದಾಗ ಇದು ನೆನಪಾಗಿರಲಿಲ್ಲ. ಅದು ನಿಜ. ಆದರೆ ಮೆಟ್ಟಿಲ ಮೇಲೆ ನೆನಪಾಯಿತು.

ಸಕ್ಕರೆ ಎಂದು ಬರೆದದ್ದರಲ್ಲಿ ಇರುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಕೆಟಲಿನ ಕರೆ ತೆಗೆಯಲು ಇಟ್ಟದ್ದು. ನೋಡಲು ಥೇಟ್ ಸಕ್ಕರೆ.

ಮುಚ್ಚಳ ಬಿಗಿಯಾಗಿತ್ತು. ಚಮಚದ ಹಿಡಿಯಿಂದ ಮೀಟಿದಳು. ಅಷ್ಟು ಹೊತ್ತು ಇತ್ತು ನನಗೆ. "ಅದಲ್ಲ ಕಣೇ" — ಎರಡು ಪದ. ಗಂಟಲವರೆಗೆ ಬಂದಿತ್ತು.

ಹೇಳಲಿಲ್ಲ. ನಿಂತು ನೋಡಿದೆ. ಸುರಿದಳು, ಒಂದು ಬಟ್ಟಲು, ಎರಡು ಬಟ್ಟಲು. ಹಾಲು ಕಣ್ಣೆದುರಿಗೇ ಒಡೆಯಿತು. ಬಿಳಿ ಗಂಟು ಒಂದು ಕಡೆ, ಹಳದಿ ನೀರು ಒಂದು ಕಡೆ. ಅವಳು ಸೌಟು ಆಡಿಸುತ್ತಲೇ ಇದ್ದಳು, ಆಡಿಸಿದರೆ ಕೂಡಿಕೊಳ್ಳುತ್ತದೆ ಎನ್ನುವ ಹಾಗೆ.

ಸದ್ದಾಗದಂತೆ ಮೇಲೆ ಬಂದಿದ್ದೇನೆ. ಕೆಳಗೆ ಅತ್ತೆಯ ದನಿ ಏರುತ್ತಿದೆ. ಖುಷಿಯಾಗುತ್ತಿದೆ. ಇರಲಿ, ಅದನ್ನೂ ಬರೆದೆ.

ಕರೆಯುತ್ತಿದ್ದಾರೆ.


ಜನವರಿ 1, ಸಂಜೆ 6.30

ಎಲ್ಲರೂ ಹೊರಟರು. ಕಾಲು ಊದಿಕೊಂಡಿದೆ.

ನಿನ್ನೆ ಕೆಳಗಿಳಿದಾಗ ಅಡುಗೆಮನೆಯಲ್ಲಿ ಪಂಚಾಯಿತಿ ಕೂತಿತ್ತು. ಅತ್ತೆ ಒಂದು ಚಮಚ ಬಾಯಿಗಿಟ್ಟು ಸಿಂಕಿಗೆ ಓಡಿದ್ದರಂತೆ. ನಾದಿನಿ ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದಳು — ಸೌತೆಕಾಯಿ ಮುಟ್ಟದ ಕೈಗೆ ಈಗ ಕೆಲಸ ಸಿಕ್ಕಿತ್ತು. ಮೈದುನ ಹೆಂಡತಿಗೆ "ಬರಲ್ಲ ಅಂದ್ರೆ ಮುಂಚೇನೇ ಹೇಳ್ಬಾರ್ದಾ" ಎಂದ. ಐಸ್ ತರಲೂ ಬಾರದವನು.

ಪಟ್ಟಿ ಮೇಡಂ ಡಬ್ಬಿಯತ್ತ ಬೊಟ್ಟು ಮಾಡಬಹುದಿತ್ತು. ಮಾಡಲಿಲ್ಲ. "ನಾನು ನೋಡ್ಕೋಬೇಕಿತ್ತು" ಎಂದಳು, ಅಷ್ಟೇ.

"ಬಿಡು, ನಾನು ನೋಡ್ತೀನಿ" ಎಂದು ಅವಳ ಕೈಯಿಂದ ಸೌಟು ತೆಗೆದುಕೊಂಡೆ. ಇಡೀ ಮನೆ ನಿಟ್ಟುಸಿರು ಬಿಟ್ಟಿತು. "ಅವಳ ಕೈ ಬಿದ್ರೇನೇ ಸರಿ" ಎಂದರು ಅತ್ತೆ. ಇವರು ಹೆಮ್ಮೆಯಿಂದ ನಾಲ್ಕು ಜನರ ಮುಖ ನೋಡಿದರು, ನನ್ನನ್ನು ತಾವೇ ತಯಾರಿಸಿದ ಹಾಗೆ. ಒಂದೂವರೆ ಗಂಟೆಯಲ್ಲಿ ಹೊಸ ಸಿಹಿ, ಸೂಪಿಗೆ ರಿಪೇರಿ, ತರಕಾರಿಗೆ ರಿಪೇರಿ. ಸೌತೆಕಾಯಿಯನ್ನೂ ನಾನೇ ಹೆಚ್ಚಿದೆ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು.

ಸೌಟು ಒಂದು ಸಲ ಕೈಗೆ ಬಂದ ಮೇಲೆ ಯಾರೂ ವಾಪಸ್ ಕೇಳಲಿಲ್ಲ. ನಿನ್ನೆ ಸಂಜೆಯ ತಿಂಡಿ ನಾನು, ಇವತ್ತು ಬೆಳಗಿನದು ನಾನು, ಮಧ್ಯಾಹ್ನದ್ದು ನಾನು. ಪಾತ್ರೆಗಳನ್ನೆಲ್ಲ ಪಟ್ಟಿ ಮೇಡಂ ತೊಳೆದಳು, ಒಬ್ಬಳೇ, ತಲೆ ಎತ್ತದೆ. ಒಡೆದ ಹಾಲಿನ ಪಾತ್ರೆಯನ್ನೂ.

ಆ ಎರಡು ಅಧ್ಯಾಯ — ಒಂದು ಅರ್ಧ ಓದಿದ್ದು, ಇನ್ನೊಂದನ್ನು ತೆರೆದೇ ಇಲ್ಲ. ಈಗ ಕೂರಬೇಕು. ಅಕ್ಷರ ಕಣ್ಣಿಗೆ ನಿಲ್ಲುತ್ತಿಲ್ಲ.


ಜನವರಿ 2, ಮಧ್ಯಾಹ್ನ 2

ಬರೆದೆ. ತೆರೆಯದೇ ಬಿಟ್ಟ ಅಧ್ಯಾಯದಿಂದಲೇ ಎರಡು ದೊಡ್ಡ ಪ್ರಶ್ನೆ. ಏನೋ ಗೀಚಿದೆ.


ಫೆಬ್ರವರಿ 11

ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ನಾಲ್ಕು ಅಂಕದಲ್ಲಿ ಹೋಯಿತು.

ನಾನು ಅಳಿಸಿದ ಆ ಹುಡುಗಿ ಟೀ ತಂದುಕೊಟ್ಟಳು. ಕುಡಿದೆ. ಬೇರೆ ಏನು ಮಾಡಲಿ. ಆ ರೂಮಿನ ಬಾಗಿಲು ಇವತ್ತು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ನೋಡದ ಹಾಗೆ ದಾಟಿ ಬಂದೆ.

ಮನೆಯಲ್ಲಿ ಹೇಳಿದೆ. "ಹೋಗ್ಲಿ ಬಿಡು, ಈ ವಯಸ್ಸಲ್ಲಿ ಪರೀಕ್ಷೆ ಎಲ್ಲಾ ಯಾಕೆ" ಎಂದರು ಇವರು. ಚಾನೆಲ್ ಬದಲಿಸಿದರು. ಈ ಮನುಷ್ಯನ ಶರ್ಟಿಗೆ ಗುಂಡಿ ಹಾಕುತ್ತಾ ಹದಿನಾರು ವರ್ಷ ಕಳೆದಿದ್ದೇನೆ.


ಫೆಬ್ರವರಿ 13, ಸಂಜೆ 5

ಪಟ್ಟಿ ಮೇಡಂ ಫೋನ್ ಮಾಡಿದ್ದಳು. ಇಡೀ ಬಳಗದಲ್ಲಿ ರಿಸಲ್ಟ್ ಏನಾಯಿತು ಎಂದು ತಾನಾಗಿ ಕೇಳಿದವಳು ಅವಳೊಬ್ಬಳೇ. ದಿನಾಂಕ ಬರೆದಿಟ್ಟುಕೊಂಡಿರಬೇಕು, ಪಟ್ಟಿಯಲ್ಲಿ.

"ಹೋಯ್ತು" ಎಂದೆ.

"ಎಷ್ಟರಲ್ಲಿ ಅಕ್ಕ?"

"ನಾಲ್ಕು."

ಆಫೀಸಿನಲ್ಲಿದ್ದಳು, ಹಿಂದೆ ಪ್ರಿಂಟರ್ ಸದ್ದು. ಆಮೇಲೆ ಮೆಲ್ಲಗೆ ಹೇಳಿದಳು, ಜಗಳದ ದನಿಯಲ್ಲಿ ಅಲ್ಲ.

"ಅವತ್ತು ನೀವು ಮೆಟ್ಟಿಲ ಮೇಲೆ ನಿಂತಿದ್ದು ನಂಗೊತ್ತು ಅಕ್ಕ. ಎದುರಿಗಿನ ಸ್ಟೀಲ್ ಪಾತ್ರೆಯಲ್ಲಿ ಕಾಣಿಸ್ತಿದ್ರಿ. ನೀವು ನೋಡ್ತಿದ್ದೀರಲ್ಲ, ತಪ್ಪಾದ್ರೆ ಹೇಳ್ತೀರಿ ಅಂತಾನೇ ಧೈರ್ಯವಾಗಿ ಸುರಿದೆ."

ಫೋನ್ ಕಿವಿಗೆ ಒತ್ತಿಕೊಂಡಿದ್ದೆ.

"ಒಂದ್ಮಾತು ಹೇಳಿದ್ರೆ ನೀವು ವಾಪಸ್ ಹೋಗಿ ಓದ್ಕೋಬಹುದಿತ್ತು. ಎರಡು ದಿನಾನೂ ನಾನು ನೋಡ್ಕೊಳ್ತಿದ್ದೆ. ಚೆನ್ನಾಗಿರ್ತಿರ್ಲಿಲ್ಲ, ಆದ್ರೂ ಊಟ ಆಗ್ತಿತ್ತು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳ್ಬೇಕು ಅಂತಾನೇ ಇದ್ದೆ. ನೀವು ಬಂದು ಸೌಟು ತಗೊಂಡ್ರಲ್ಲ, ಅತ್ತೆ ಹೊಗಳಿದಾಗ ನಿಮ್ಮ ಮುಖ ಹೇಗೆ ಅರಳ್ತು ಗೊತ್ತಾ. ನೋಡಿ ಪಾಪ ಅನ್ನಿಸ್ತು."

ಯಾರೋ ಕರೆದರು, ಇಡುತ್ತೇನೆ ಎಂದಳು. ಇಟ್ಟಳು.

ಪಾಪ. ನನಗೆ. ಹದಿನಾರು ವರ್ಷ ಇಡೀ ಬಳಗಕ್ಕೆ ಬೇಯಿಸಿ ಹಾಕಿದವಳಿಗೆ ಪಾಪ ಎನ್ನಲು ಇವಳು ಯಾರು. ಮೊನ್ನೆ ಮೊನ್ನೆ ಬಂದವಳು. ಒಂದು ಈರುಳ್ಳಿ ನೆಟ್ಟಗೆ ಹೆಚ್ಚಲು ಬರುವುದಿಲ್ಲ. ಒಂದು ಹಾಲು ಕಾಯಿಸಲು —

ಹಾಲನ್ನು ಸರಿಯಾಗಿಯೇ ಕಾಯಿಸಿದ್ದಳು. ತಳ ಹಿಡಿಸದೆ, ಅಷ್ಟು ಹೊತ್ತು ನಿಂತುಕೊಂಡು. ನಾನೇ ಅದನ್ನು ಒಡೆಯಲು ಬಿಟ್ಟೆ.