ಉಸ್ಮಾನ ಮಿಯಾರ ಸಮುದ್ರ ರಾಜ್ಯ

ನವೆಂಬರ್ 3, ಸೋಮವಾರ

ಭಾಲ್ಕಿಯಿಂದ ಔರಾದದ ಶಾಲೆಗೆ ಅದೇ ಬಸ್ಸು. ಮಕ್ಕಳ ಟೆಸ್ಟ್ ಪೇಪರ್ ತಿದ್ದಬೇಕಿತ್ತು — ತಿದ್ದಲಿಲ್ಲ. ನಮ್ಮ ಹಳೆಯ ಡಿಸ್ಕಾರ್ಡ್ ಸರ್ವರ್‌ಗೆ — ಆನ್‌ಲೈನ್ ಆಟದ ಗುಂಪಿಗೆ — ಜೀವ ಬಂದಿದೆ! ಬೀದರಿನ ಉತ್ತಮ ಮತ್ತೆ ಆಟ ಶುರು ಮಾಡಿದ್ದಾನೆ.

ಲಾಕ್‌ಡೌನಿನಲ್ಲಿ ಅವನೂ ನಾನೂ ಸೇರಿ ನಡೆಸಿದ ಆಟ. ಒಬ್ಬೊಬ್ಬರಿಗೆ ಒಂದೊಂದು ಕಲ್ಪನೆಯ ದೇಶ. ಬಜೆಟ್, ಒಪ್ಪಂದ, ಯುದ್ಧ — ಎಲ್ಲ ಬರೆದೇ ಆಡುವುದು. ಅಡ್ಮಿನ್ ನಾನು, ತೀರ್ಪು ನನ್ನದು. ಔರಾದದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಉಸ್ಮಾನ ಮಿಯಾ, ರೈಲೂ ಇಲ್ಲದ ಊರಲ್ಲಿ ಕೂತು ಸಮುದ್ರ ರಾಜ್ಯವನ್ನೇ ಕೇಳಿ ಪಡೆದರು. ಅವರ ಹಡಗು ಮುಳುಗಿದ ದಿನ ವಾಯ್ಸ್ ಚಾಟ್‌ನಲ್ಲಿ ಹಟ — "ಬೇಟಿ, ಖಲಾಸಿಗೋಳ ಮನಿಯವ್ರಿಗಿ ಪೆನ್ಶನ್ ಮಂಜೂರ ಮಾಡ್ರಿ." ಎಷ್ಟು ನಕ್ಕಿದ್ದೆವು… ಇಲ್ಲದ ನಾವಿಕರ ಮನೆಯವರಿಗೆ ಮಂಜೂರೂ ಮಾಡಿದೆ.

ನವೆಂಬರ್ 9

ಹೊಸಬರು ತುಂಬಿದ್ದಾರೆ. ಯಾರೂ ಹೆಸರು ಹೇಳುವುದಿಲ್ಲ. ಬಜೆಟ್ ಬರೆಯುವವರಿಲ್ಲ. ಬರೀ ಯುದ್ಧ.

ಉತ್ತಮನಿಗೆ ಫೋನ್ ಮಾಡಿದೆ. ನಕ್ಕ. "ಆಟ ಜೋರ ನಡ್ದದ ಪ್ರಣಿತಾ ಅಕ್ಕಾ, ನೀ ಯಾಕ ಅಂಜ್ತಿ?"

ನವೆಂಬರ್ 18

ನಕ್ಷೆ ಬದಲಾಗಿದೆ. ಸಮುದ್ರ ರಾಜ್ಯ ಇದ್ದಲ್ಲಿ ಔರಾದದ ಗಲ್ಲಿಗಳು. ನಿಜವಾದವು. ಕೆಂಪು ಗುರುತು ಮಿಯಾರ ಅಂಗಡಿಯ ಮೇಲೆ. ಕೆಳಗೆ ಅಂಗಡಿಯ ಫೋಟೊ — "ಶತ್ರು ರಾಜಧಾನಿ".

ಈ ಸಲ ಉತ್ತಮ ನಗಲಿಲ್ಲ. "ನನ್ನ ಮಾತ ಯಾರೂ ಕೇಳವಲ್ರು ಅಕ್ಕಾ."

ನವೆಂಬರ್ 19, ಮಧ್ಯಾಹ್ನ

ಊಟದ ಬಿಡುವಿನಲ್ಲಿ ಅಂಗಡಿಗೆ ಹೋದೆ. ಮಿಯಾ ಚಹಾ ತರಿಸಿದರು. "ನಮ್ಮ ಜಹಾಜ ಹ್ಯಾಂಗ ಅವರಿ?"

ಫೋಟೊ ತೋರಿಸಿದೆ. ಬೆರಳಿನಿಂದ ಹಿಗ್ಗಿಸಿ ನೋಡಿದರು. "ಮೊನ್ನಿ ಹಚ್ಚಿದ ಬೋರ್ಡ ಇದ್ರಾಗ ಅದ. ಫೋಟೊ ಹೊಡದವ ಇಲ್ಲೇ ನಿಂತಿದ್ದನಲ್ಲ, ಬೇಟಿ…"

ಇಬ್ಬರೂ ಠಾಣೆಗೆ ಹೋಗಿ ಸ್ಕ್ರೀನ್‌ಶಾಟ್ ಕೊಟ್ಟೆವು. ಬರೆದುಕೊಂಡರು.

ನವೆಂಬರ್ 20

"ನಾಳೆ ಮೊದಲ ದಾಳಿ" — ಹೊಸ ಪೋಸ್ಟ್. ಸರ್ವರ್ ಇನ್ನೂ ನನ್ನ ಹೆಸರಲ್ಲೇ ಇದೆ. ಅಳಿಸಿಬಿಟ್ಟೆ. ಒಪ್ಪಂದಗಳು, ಜಗಳಗಳು, ನಮ್ಮ ನಗು — ಎಲ್ಲ ಹೋಯಿತು. ಅತ್ತೆ.

ಸ್ವಲ್ಪ ಹೊತ್ತಿಗೆ ಅಪರಿಚಿತ ಮೆಸೇಜು: "ಹೊಸಾ ಸರ್ವರ್ ಮಾಡೀವಿ ಮೇಡಂ. ನಿಮಗೂ ಒಂದು ದೇಶ ಕೊಟ್ಟೀವಿ." ಲಿಂಕ್ ತೆರೆದೆ. ನಕ್ಷೆ ಭಾಲ್ಕಿಯವರೆಗೆ ಬೆಳೆದಿದೆ. ನಮ್ಮ ಓಣಿ. ನಮ್ಮ ಮನೆ.

ನವೆಂಬರ್ 21, ಬಸ್ಸಿನಲ್ಲಿ

ಅಂಗಡಿ ತೆರೆಯಬೇಡಿ ಅಂದಿದ್ದೆ. "ಮನ್ಯಾಗ ಕೂತ್ರ ಅವ್ರು ಗೆದ್ದಂಗರಿ" ಅಂದರು ಮಿಯಾ.

ಬಸ್ಸು ಔರಾದದ ಹೊರಗೇ ನಿಂತಿದೆ. ಕಂಡಕ್ಟರ್ ಹೇಳಿದ, "ಮುಂದ ಬಿಡವಲ್ರು. ಗದ್ಲ ಆಗೇದಂತ."

ಮಿಯಾರಿಗೆ ಫೋನ್ ಮಾಡಿದೆ. ರಿಂಗ್… ರಿಂಗ್… ಕೊನೆಗೆ ಎತ್ತಿದರು. ಮಿಯಾ ಅಲ್ಲ. ಯಾವನೋ ಹುಡುಗನ ದನಿ, ಬಹಳ ಮರ್ಯಾದೆಯಿಂದ —

"ಅಡ್ಮಿನ್ ಮೇಡಂ, ಇವತ್ತ ಹಿಂದಿನ ಸೀಟಿಗಿ ಯಾಕ ಕೂತೀರಿ?"

ಹೊರಗೆ ಬೈಕುಗಳು. ಬಸ್ಸಿನ ಕಡೆಗೇ ಬರುತ್ತಿವೆ. ಮುಂದಿನವನ ಕೈಯಲ್ಲಿ ಮಿಯಾರ ಅಂಗಡಿಯ ಹೊಸ ಬೋರ್ಡು.