ತುಂಬಿದ್ದು ಇಪ್ಪತ್ತು

ಅಚ್ಚುಕೂಟದ ಮಹಡಿ ಕೋಣೆ,
೮ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮಾ,

ಅಜ್ಜಿಯನ್ನು ನೀನಿರುವ ದೇಶದ ಬಾಗಿಲಿನಿಂದ ವಾಪಸ್ಸು ತಿರುಗಿಸಿದ್ದು ಅಲ್ಲಿನ ಅಧಿಕಾರಿಯಲ್ಲ, ನಾನು. ಹೋದ ತಿಂಗಳು ನಿನಗೆ ಬರೆದ ಕಾಗದದಲ್ಲಿ ‘ವಯಸ್ಸಾದವಳು ಅಂತಲೂ ನೋಡದೆ ಗದರಿ ಅಟ್ಟಿದರು’ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಯಾರೂ ಗದರಲಿಲ್ಲ, ಯಾರೂ ಅಟ್ಟಲಿಲ್ಲ. ಒಂದು ಅಂಕಿ ತಿದ್ದಿದ್ದರೆ ಅಜ್ಜಿ ಅವತ್ತೇ ನಿನ್ನ ಪಕ್ಕದಲ್ಲಿ ಕೂತಿರುತ್ತಿದ್ದಳು. ನಾನು ತಿದ್ದಲಿಲ್ಲ.

ಇಷ್ಟನ್ನು ಮೊದಲೇ ಬರೆದು ಮುಗಿಸಿದೆ. ಇಲ್ಲದಿದ್ದರೆ ಕ್ಷೇಮ ಸಮಾಚಾರದಲ್ಲೇ ಎರಡು ಹಾಳೆ ತುಂಬಿಸಿ ನುಣುಚಿಕೊಳ್ಳುತ್ತಿದ್ದೆ. ಈಗ ಕೇಳುತ್ತೇನೆ, ಹೇಗಿದ್ದೀಯ? ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮೆಷಿನ್ ತಗುಲಿ ಸುಟ್ಟ ಮಣಿಕಟ್ಟು ಮಾಯಿತೇ? ಮುಲಾಮು ಹಚ್ಚದೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋಗುವವಳು ನೀನು, ಅದಕ್ಕೇ ಕೇಳಿದೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುತ್ತಾಳೆ, ಮೆಟ್ಟಿಲು ಹತ್ತುವಾಗ ಮಾತ್ರ ಅವಳೇ ಮಂಡಿಯನ್ನು ಗಟ್ಟಿಯಾಗಿ ಹಿಡಿಯುತ್ತಾಳೆ. ಅಜ್ಜಿಯ ಕಣ್ಣಿನ ವಿಷಯ ನಿನಗೆ ಗೊತ್ತು. ನಲವತ್ತು ವರ್ಷ ದರ್ಜಿಗಳಿಗೆ ಕಾಜಾ ಹೊಲಿದುಕೊಟ್ಟ ಕಣ್ಣು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಒಂದು ಮೊಳದೊಳಗಿನ ಮುಖ ಕಾಣುತ್ತದೆ, ಅದರಾಚೆಗೆ ಬರೀ ಆಕಾರ. ಅದೂ ಈ ವರ್ಷದ ಕೊನೆಯವರೆಗೆ ಉಳಿದರೆ ಹೆಚ್ಚು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಒಂಬತ್ತು ವರ್ಷದಿಂದ ಕಾಣದ ನಿನ್ನ ಮುಖವನ್ನು ಅಷ್ಟರೊಳಗೆ ಒಂದು ಸಲ ನೋಡಬೇಕು ಎನ್ನುವುದೊಂದೇ ಅವಳ ಹಟ. ನಿನ್ನ ಕಾಗದಪತ್ರ ನವೀಕರಣಕ್ಕೆ ಹೋಗಿರುವುದರಿಂದ ನೀನು ಆ ದೇಶ ಬಿಡುವಂತಿಲ್ಲ, ಅವಳೇ ಬರಬೇಕು. ಫೋನಿನಲ್ಲಿ ನೋಡಬಹುದಲ್ಲ ಅಂದರೆ, "ಫೋನಲ್ಲಿ ಕಾಣೋದು ಮುಖ ಅಲ್ಲ ಕಣೋ, ಬರೀ ಬೆಳಕು" ಎನ್ನುತ್ತಾಳೆ. ನಾನೂ ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬಾಯಿ ತೆರೆದರೆ ನಾನು ಏನು ಮಾಡುತ್ತೇನೆಂದು ನಿನಗೆ ಗೊತ್ತು. ‘ಭಾಷಣ’ ಎಂದು ನನಗೆ ಹೆಸರಿಟ್ಟವಳೇ ನೀನು.

ಆ ದಿನ ನಡೆದದ್ದು ಹೀಗೆ. ಹಡಗು ಇಳಿದು ನಾವು ಒಂದು ಉದ್ದನೆಯ ಹಜಾರಕ್ಕೆ ಬಂದೆವು. ನೆಲದ ಮೇಲೆ ಹಳದಿ ಗೀಟು, ನೆಲಕ್ಕೆ ಬಿಗಿದ ಕುರ್ಚಿಗಳು, ದಾರ ಕಟ್ಟಿದ ಪೆನ್ನು, ಎಂಟು ಕಿಟಕಿಗಳು. ಎಲ್ಲಿ ನೋಡಿದರೂ ಗುರುತಿನ ಚೀಟಿ ತೋರಿಸು, ಹುಟ್ಟಿದ ದಿನ ಹೇಳು ಎನ್ನುವವರೇ. ಪಕ್ಕದ ಅಂಗಡಿಯಲ್ಲಿ ನಮ್ಮ ಹಡಗಿನಲ್ಲೇ ಬಂದಿದ್ದ ನಿವೃತ್ತ ಕಂಡಕ್ಟರೊಬ್ಬರು ಅಳಿಯನಿಗೆಂದು ಬ್ರಾಂದಿ ಬಾಟಲಿ ಕೊಳ್ಳಲು ಹೋದರೆ, ವಯಸ್ಸಿನ ಪುರಾವೆ ಕೇಳಿದರಂತೆ. "ತಲೇಲಿ ಕೂದಲಿಲ್ಲ, ಬಾಯಲ್ಲಿ ಹಲ್ಲಿಲ್ಲ. ದೊಡ್ಡವನಾಗಿದ್ದೀನಿ ಅನ್ನೋಕೆ ಇನ್ನೇನು ತೋರಿಸ್ಲಿ ಇವರಿಗೆ?" ಎಂದು ಸಾಲಿನಲ್ಲಿ ನಿಂತು ಒದರಾಡುತ್ತಿದ್ದರು. "ಹಲ್ಲು ಇನ್ನೂ ಹುಟ್ಟಿಲ್ಲ ಅಂದ್ಕೊಂಡಿರ್ತಾರೆ, ತೋರ್ಸಪ್ಪಾ ಚೀಟಿ" ಎಂದಳು ಅಜ್ಜಿ. ಸಾಲೆಲ್ಲ ನಕ್ಕಿತು. ನಾನು ನಗಲಿಲ್ಲ. ಮನುಷ್ಯನಿಗಿಂತ ಕಾಗದ ದೊಡ್ಡದಾಯಿತೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಹಿಂದಿನ ವಾರವಷ್ಟೇ ನಮ್ಮ ಅಚ್ಚುಕೂಟಕ್ಕೆ ಗಡಿಗಳ ಬಗ್ಗೆ ಒಂದು ಕರಪತ್ರ ಬಂದಿತ್ತು. ಅದರ ಕರಡು ತಿದ್ದಿದವನು ನಾನೇ, ಸಾಲುಸಾಲು ಬಾಯಿಪಾಠವಾಗಿತ್ತು.

ನಮ್ಮ ಸರದಿ ಬಂದದ್ದು ಆರನೇ ಕಿಟಕಿಯಲ್ಲಿ. ಕನ್ನಡಕವನ್ನು ಕೊರಳಿಗೆ ನೇತುಹಾಕಿಕೊಂಡಿದ್ದ, ಅಮ್ಮನ ವಯಸ್ಸಿನ ಹೆಂಗಸು. ಮೊದಲು ಮಾಡಿದ ಕೆಲಸವೆಂದರೆ ಒಳಗಿನಿಂದ ತನ್ನದೇ ಕುರ್ಚಿ ತರಿಸಿ ಅಜ್ಜಿಯನ್ನು ಕೂರಿಸಿದ್ದು. ಆಮೇಲೆ ನೀರು ಕೊಟ್ಟದ್ದು. ಅವರ ಭಾಷೆ ನನಗೆ ಅರ್ಥವಾಗುತ್ತದೆ, ಅಜ್ಜಿಗೆ ಆಗುವುದಿಲ್ಲ. ಹಾಗಾಗಿ ಆಡಿದ್ದೆಲ್ಲ ನನ್ನ ಮೂಲಕವೇ ಹೋಗಬೇಕಿತ್ತು. ಎಪ್ಪತ್ತು ದಾಟಿದವರ ಜೊತೆಗೆ ಇಪ್ಪತ್ತೊಂದು ತುಂಬಿದ ಬಂಧು ಇರಬೇಕು ಎನ್ನುವುದು ಅಲ್ಲಿನ ನಿಯಮ. ನಾನು ಫಾರಮಿನಲ್ಲಿ ‘೨೧’ ಎಂದು ಬರೆದಿದ್ದೆ. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ ಚಿಕ್ಕಮ್ಮಾ, ಇಷ್ಟನ್ನು ನಂಬು. ನಮ್ಮ ಮನೆಯಲ್ಲಿ ಯಾರ ವಯಸ್ಸು ಕೇಳಿದರೂ ನಡೆಯುತ್ತಿರುವುದನ್ನೇ ಹೇಳುತ್ತೇವಲ್ಲ. ಹೋದ ಹುಟ್ಟುಹಬ್ಬದಿಂದ ನನಗೆ ಇಪ್ಪತ್ತೊಂದು ನಡೆಯುತ್ತಿದೆ. ಪಾಸ್‌ಪೋರ್ಟಿನ ಲೆಕ್ಕದಲ್ಲಿ ತುಂಬಿರುವುದು ಇಪ್ಪತ್ತು, ಮೇಲೆ ಐದು ತಿಂಗಳು. ಅವರ ಭಾಷೆಯಲ್ಲಿ ನಡೆಯುವ ವಯಸ್ಸು ಎನ್ನುವುದೇ ಇಲ್ಲ, ತುಂಬಿದ್ದು ಮಾತ್ರ ಇದೆ. ಹೆಂಗಸು ಫಾರಮನ್ನೂ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮೆತ್ತಗೆ ಹೇಳಿದಳು: ಇದನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದು ಪಕ್ಕದಲ್ಲಿ ಸಹಿ ಮಾಡು. ನೀನು ಜೊತೆಗಾರನಾಗಲು ಬರುವುದಿಲ್ಲ, ಪರವಾಗಿಲ್ಲ, ಹೊರಗೆ ಕಾಯುತ್ತಿರುವ ಇವರ ಮಗಳನ್ನು ಒಳಗೆ ಕರೆಸುತ್ತೇನೆ, ಅವರು ಸಹಿ ಹಾಕಿದರೆ ಸಾಕು, ಹುಡುಗಾ.

ಆ ‘ಹುಡುಗಾ’ ಎಂಬ ಮಾತು ನನಗೆ ಚುಚ್ಚಿತು. ಹಿಂದೆ ನಿಂತಿದ್ದ ಇಬ್ಬರು ಕಾಲೇಜು ಹುಡುಗಿಯರು ಮುಸಿಮುಸಿ ನಕ್ಕರು. ಹದಿನಾರರಿಂದ ದುಡಿದು ಮನೆ ನಡೆಸುತ್ತಿರುವವನು ನಾನು, ನನ್ನನ್ನು ಹುಡುಗ ಎನ್ನಲು ಇವಳು ಯಾರು ಅನ್ನಿಸಿತು. ಶುರುಮಾಡಿದೆ. ಗಡಿ ಎನ್ನುವುದು ಬಲವಿದ್ದವರು ಎಳೆದ ಗೀಟು ಎಂದೆ. ದುಡಿಮೆಯೇ ಮನುಷ್ಯನ ವಯಸ್ಸು ಎಂದೆ. ಅವಳು ಕೇಳಿದಳು, ತಿದ್ದುತ್ತೀಯಾ? ತಿದ್ದುವುದಿಲ್ಲ ಎಂದೆ. ಅಜ್ಜಿ ನನ್ನ ಅಂಗಿ ಜಗ್ಗಿ, "ಏನಂತೋ?" ಎಂದಳು. ವಯಸ್ಸಿನ ತಕರಾರು ಎಂದೆ. "ತುಂಬಿದ್ದು ಇಪ್ಪತ್ತು, ನಡೀತಿರೋದು ಇಪ್ಪತ್ತೊಂದು. ಅಷ್ಟೇ ಹೇಳು, ಒಂದು ಗೀಟು ಹೊಡೆದು ಸರಿ ಮಾಡು" ಎಂದಳು. ಓದು ಬಾರದ ಅಜ್ಜಿಗೆ ಅರ್ಧ ನಿಮಿಷದಲ್ಲಿ ಹೊಳೆದದ್ದು ಅದು. ದಿನವಿಡೀ ಬೇರೆಯವರ ತಪ್ಪು ತಿದ್ದಿ ಸಂಬಳ ತೆಗೆದುಕೊಳ್ಳುವ ನನಗೆ ನನ್ನ ಒಂದು ಅಂಕಿ ತಿದ್ದಲು ಕೈ ಬರಲಿಲ್ಲ. ಆ ಕಿಟಕಿಯ ಹೆಂಗಸು ಮೂರು ಸಲ ಕೇಳಿದಳು ಚಿಕ್ಕಮ್ಮಾ. ಮೂರನೆಯ ಸಲ ಕೇಳುವಾಗ ಅವಳ ದನಿ ಬೇಡಿಕೊಳ್ಳುವ ಹಾಗಿತ್ತು. ಮೂರಕ್ಕೂ ನಾನು ಒಂದೇ ಉತ್ತರ ಕೊಟ್ಟೆ. ಗೊತ್ತಿದ್ದೂ ತಿದ್ದದಿದ್ದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಪ್ರವೇಶವಿಲ್ಲ ಎಂದು ಇಬ್ಬರ ಪಾಸ್‌ಪೋರ್ಟಿಗೂ ಮುದ್ರೆ ಒತ್ತಿದರು. ಮೂರೂವರೆಯ ಹಡಗಿಗೆ ವಾಪಸ್ಸು ಎಂದರು.

ಇನ್ನು ಬರೆಯುವುದು ಕಷ್ಟ. ಅಜ್ಜಿಯ ಕೈ ಹಿಡಿದು ಹಿಂದಕ್ಕೆ ತಿರುಗುವಾಗ ಯಾರೋ ಹೊರಹೋದರು, ಗಾಜಿನ ಬಾಗಿಲು ಸರಿಯಿತು. ನೀನು ಅಲ್ಲೇ ನಿಂತಿದ್ದೆ. ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ನೀಲಿ ಕೋಟು, ಮುಂದೆ ಆಸ್ಪತ್ರೆಯಿಂದ ಕೇಳಿ ತಂದ ಗಾಲಿಕುರ್ಚಿ. ನೀನು ಒಳಗೆ ಇಣುಕುತ್ತಿದ್ದೆ, ಬೆಳಕು ಹೊರಗಿದ್ದುದರಿಂದ ನಾವು ನಿನಗೆ ಕಾಣಲಿಲ್ಲ. ಅಜ್ಜಿ ನಿಂತುಬಿಟ್ಟಳು. "ಅಲ್ಲಿ ಯಾರೋ ನಿಂತಿದ್ದಾರಲ್ಲ, ಅವಳೇನೋ?" ಎಂದು ಕೇಳಿದಳು. ಹೌದು ಎಂದರೆ ಕರಿ ಎನ್ನುತ್ತಾಳೆ, ಕರೆದರೆ ನೀನು ಬರುತ್ತೀಯ, ನೀನು ಬಂದರೆ ನಾನು ಆ ಕಿಟಕಿಗೆ ತಿರುಗಿ ಹೋಗಿ ಆ ಹುಡುಗಿಯರ ಮುಂದೆ ಇಪ್ಪತ್ತು ಎಂದು ಬರೆಯಬೇಕು. ಇಷ್ಟೂ ಒಂದು ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋಯಿತು. "ಅಲ್ಲ ಅಜ್ಜಿ, ಬೇರೆ ಯಾರೋ" ಎಂದೆ. ಬಾಗಿಲು ಮುಚ್ಚಿಕೊಂಡಿತು.

ಊರಿಗೆ ಬಂದವನು ಸುಮ್ಮನಾದರೂ ಇದ್ದೆನೇ? ನಿನಗೆ ಆ ಸುಳ್ಳು ಕಾಗದ ಬರೆದೆ. ಗಡಿ ತಪಾಸಣೆಯ ವಿರುದ್ಧ ಚಳವಳಿ ನಡೆಸುವ ಗೆಳೆಯರ ಬಳಗಕ್ಕಾಗಿ ‘ಕಣ್ಣಿಲ್ಲದ ಗಡಿ’ ಎಂದು ಒಂದು ಕರಪತ್ರವನ್ನೂ ಬರೆದೆ. ಅದರಲ್ಲಿ ಅಧಿಕಾರಿ ಅಜ್ಜಿಯ ಕೈಚೀಲ ಎಸೆದಳು ಎಂದು ಸೇರಿಸಿದೆ. ಐನೂರು ಪ್ರತಿ ಬಸ್ ನಿಲ್ದಾಣದಲ್ಲಿ ಹಂಚಿದೆವು, ಬೆನ್ನು ತಟ್ಟಿದವರೇ ಎಲ್ಲ. ಅದನ್ನು ಅಜ್ಜಿಗೆ ಹೆಮ್ಮೆಯಿಂದ ಓದಿ ಹೇಳಿದೆ. ಕೇಳಿ ಮುಗಿಸಿ, "ಕುರ್ಚಿ ಕೊಟ್ಟದ್ದು ಬರೀಲಿಲ್ವಲ್ಲೋ" ಎಂದಳು. ಅದು ಮುಖ್ಯ ಅಲ್ಲ ಅಜ್ಜಿ ಎಂದೆ. "ಕೂತಿದ್ದವಳು ನಾನು ಕಣೋ" ಎಂದಳು. ಅಷ್ಟೇ. ನೀನು ಫೋನು ಮಾಡಿದಾಗಲೆಲ್ಲ ‘ಏನೋ ಕಾಗದ ಸರಿಯಿರಲಿಲ್ಲ, ಮಗು ಏನು ಮಾಡೀತು’ ಎಂದು ಅವಳು ನನ್ನ ತಪ್ಪನ್ನು ಮುಚ್ಚಿಡುತ್ತಿದ್ದಳು. ನಾನು ಅದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ನನ್ನ ಕಾಗದ ನಂಬಿ ನೀನು ಆ ಹೆಂಗಸಿನ ಮೇಲೆ ದೂರು ಕೊಡಲು ಹೊರಟಿದ್ದೀಯ ಎಂದು ಅಮ್ಮ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ದಯವಿಟ್ಟು ಕೊಡಬೇಡ. ಕೊಟ್ಟಿದ್ದರೆ ನನ್ನ ಈ ಕಾಗದವನ್ನೇ ತೋರಿಸಿ ವಾಪಸ್ಸು ತೆಗೆದುಕೋ. ಆ ಕಚೇರಿಗೆ ನಾನೇ ತಪ್ಪೊಪ್ಪಿಕೊಂಡು ಬರೆದೆ, ನಿನ್ನೆ ಉತ್ತರ ಬಂತು. ಕರಪತ್ರಕ್ಕೆ ತಿದ್ದುಪಡಿ ಅಚ್ಚುಹಾಕಿಸಿ ಅದೇ ಬಸ್ ನಿಲ್ದಾಣದಲ್ಲಿ ಒಬ್ಬನೇ ನಿಂತು ಹಂಚಿದೆ. ಚಳವಳಿಗೆ ದ್ರೋಹ ಮಾಡಿದೆ ಎಂದು ಬಳಗದವರು ಮಾತು ಬಿಟ್ಟಿದ್ದಾರೆ. ಅಷ್ಟು ಬಿಗಿಯಾದ ತಪಾಸಣೆ ಮನುಷ್ಯರನ್ನು ಕುಗ್ಗಿಸುತ್ತದೆ ಎಂದು ನಾನು ಈಗಲೂ ನಂಬುತ್ತೇನೆ, ಅದನ್ನು ಬಿಟ್ಟಿಲ್ಲ. ಆದರೆ ಅವತ್ತು ನಾನು ಕಾದಾಡಿದ್ದು ಅದಕ್ಕಾಗಿ ಅಲ್ಲ. ಒಂದು ‘ಹುಡುಗಾ’ ಎಂಬ ಮಾತಿಗೆ.

ಗಾಜಿನ ಬಾಗಿಲಿನ ಸಂಗತಿಯನ್ನು ಅಜ್ಜಿಗೆ ಮೊನ್ನೆ ಹೇಳಿದೆ. "ಇಳಿದಿದ್ಳಾ?" ಎಂದು ಕೇಳಿದಳು. ನೀನು ಸೊರಗಿದ್ದೀಯೋ ಮೈ ತುಂಬಿಕೊಂಡಿದ್ದೀಯೋ ಹೇಳಲು ನನಗೆ ಬರಲಿಲ್ಲ, ಅಷ್ಟು ಬೇಗ ಕಣ್ಣು ತೆಗೆದಿದ್ದೆ. "ಕಣ್ಣಿದ್ದವನು ನೀನು, ನೀನಾದ್ರೂ ಸರಿಯಾಗಿ ನೋಡಬಾರದಿತ್ತಾ" ಎಂದಳು. ಎರಡು ದಿನವಾಯಿತು, ನನ್ನ ಹತ್ತಿರ ಮಾತಾಡಿಲ್ಲ. ಬೈದಿದ್ದರೆ ವಾಸಿಯಿತ್ತು.

ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ, ಬೈದು ಬರೆ, ಓದಿಕೊಳ್ಳುತ್ತೇನೆ. ಮಣಿಕಟ್ಟು ಜೋಪಾನ. ಅಮ್ಮ ನಿನ್ನನ್ನು ತುಂಬಾ ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ.

ತಲೆ ತಗ್ಗಿಸಿಕೊಂಡು,
ನಿನ್ನ ಅಕ್ಕನ ಮಗ,
ಭಾಷಣ

ಮರೆತ ಮಾತು: ಕೊರಿಯರ್ ಹುಡುಗ ಕೆಳಗೆ ಕೂಗುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಚೇರಿಯವರು ಅಜ್ಜಿಗೆ ಇನ್ನೊಂದು ಸಲ ಅನುಮತಿ ಕೊಟ್ಟಿದ್ದಾರೆ. ನನಗೆ ಒಂದು ವರ್ಷ ಪ್ರವೇಶವಿಲ್ಲ, ಇರಲಿ. ಅಮ್ಮ ಕರೆತರುತ್ತಾಳೆ. ಮುದ್ರೆ ಬಿದ್ದಿರುವುದರಿಂದ ಬರಮಾಡಿಕೊಳ್ಳುವವರೂ ಕಿಟಕಿಯಲ್ಲೇ ನಿಂತು ಸಹಿ ಹಾಕಬೇಕಂತೆ, ತಪ್ಪಿದರೆ ಮತ್ತೆ ಅನುಮತಿ ಸಿಗುವುದು ಮುಂದಿನ ವರ್ಷ. ಲಾಂಡ್ರಿಗೆ ಇವತ್ತೇ ರಜೆ ಹೇಳು. ಬಾಗಿಲಿನ ಹೊರಗೆ ಕಾಯಬೇಡ, ನಿನ್ನ ಗುರುತಿನ ಚೀಟಿ ತೋರಿಸಿ ಒಳಗೆ ಬಂದು ಆರನೇ ಕಿಟಕಿಯ ಹತ್ತಿರ ನಿಲ್ಲು: ಇದೇ ತಿಂಗಳು ೨೬, ಗುರುವಾರ, ಬೆಳಿಗ್ಗೆ ಹನ್ನೊಂದು ಮುಕ್ಕಾಲಕ್ಕೆ.