ಎರಡು ಹಸಿರು ಪಟ್ಟೆ

ಲಾಂಡ್ರಿ ಅಂಗಡಿ, ಇಸ್ತ್ರಿ ಮೇಜಿನ ಮುಂದೆ
ಗುರುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಅಲ್ಲೂ ಗೋಡೆಗೆ ಮುಖ ಮಾಡಿ ಮಲಗಿದ್ದೀಯೋ? ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೇ ಇದೆ. ಮೃಗಾಲಯದವರು ನಿನ್ನನ್ನು ಕೆಲಸದಿಂದ ನಿಲ್ಲಿಸಿದ ಮೇಲೆ ಅವಳು ಬೀದಿಗೆ ಇಳಿದಿಲ್ಲ. "ಗೇಟು ಹಾಕೋದು ಮರೆತು ಕರಡಿ ಸಾಯಿಸಿದವನ ತಾಯಿ" ಅಂತ ಯಾರೋ ಅಂದರಂತೆ. ಇವತ್ತು ಸಂಜೆ ಇಳಿಯುತ್ತಾಳೆ. ಯಾಕೆ ಅಂತ ಹೇಳುತ್ತೇನೆ, ಕೂತು ಓದು.

ಕಳೆದ ಶನಿವಾರ ಆ ಸೂಟಿನವನು ನಮ್ಮ ಅಂಗಡಿಗೇ ಬಂದಿದ್ದ. ಹೌದು, ಅವನೇ, ಅಜ್ಜಿಯ ಜೊತೆ ಸೆಲ್ಫಿ ತೆಗೆದುಕೊಳ್ಳಲು ಒಳಗೆ ಇಳಿದವನು. (ಕರಡಿಗೆ ಅಜ್ಜಿ ಅಂತ ಹೆಸರಿಟ್ಟಿದ್ದಕ್ಕೆ ಅಮ್ಮ ನಿನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು, ನೆನಪಿದೆಯಾ?) ಕುಂಟುತ್ತಾ ಬಂದು ಪ್ಯಾಂಟನ್ನು ಮೇಜಿನ ಮೇಲಿಟ್ಟು, "ಮದುವೆಗೆ ಹೊಲಿಸಿದ್ದು, ಹುಷಾರಾಗಿ ಮಾಡಿ" ಅಂದ. ನಾನು ನಿನ್ನ ಅಕ್ಕ ಅಂತ ಅವನಿಗೇನು ಗೊತ್ತು? ಪೇಪರಿನಲ್ಲಿ ಬಂದದ್ದು ಅವನ ಮುಖ, ನನ್ನದಲ್ಲ. ಪ್ಯಾಂಟಿನ ಕೆಳಗೆ ಹರಿದಲ್ಲಿ ರಕ್ತ, ಮಂಡಿಗೆ ಮಣ್ಣು, ಎರಡೂ ಒಳತೊಡೆಗೆ ಒಂದೊಂದು ಹಸಿರು ಪಟ್ಟೆ. ಇದೇನು ಅಂತ ಕೇಳಿದರೆ, "ಏನೋ ಗ್ರೀಸ್ ಇರ್ಬೇಕು" ಅಂದ. ಇಪ್ಪತ್ತು ವರ್ಷದಿಂದ ಊರವರ ಕಲೆ ತೆಗೆಯುತ್ತಿರುವವಳಿಗೆ ಗ್ರೀಸ್ ಗೊತ್ತಿಲ್ಲವೇ? ಅದು ಎಣ್ಣೆ ಬಣ್ಣ, ಆ ದಿನ ಬೆಳಿಗ್ಗೆ ನೀನೇ ಕಂಬಿ ಬೇಲಿಗೆ ಹಚ್ಚಿದ್ದು. ಗೇಟಿಗೆ ಬಣ್ಣವೇ ಇಲ್ಲ, ಬರೀ ತಗಡು. ತೆರೆದ ಗೇಟಿನಲ್ಲಿ ನಡೆದುಹೋದೆ ಅಂತ ಬರೆದುಕೊಟ್ಟವನ ಒಳತೊಡೆಗೆ ಬೇಲಿಯ ಬಣ್ಣ ಹೇಗೆ ಹತ್ತಿತು? ಅವನ ಫೋನು ಅಜ್ಜಿಯ ಕೊಳದಲ್ಲಿ ಮುಳುಗಿ ಸಾಕ್ಷಿಯೇ ಇಲ್ಲವಾಯಿತು ಅಂತ ಅಳುತ್ತಿದ್ದೆಯಲ್ಲ, ಸಾಕ್ಷಿ ತಾನಾಗಿ ನಡೆದು ನನ್ನ ಅಂಗಡಿಗೆ ಬಂದಿತ್ತು.

ಮೂರು ವಾರದ ರಕ್ತವನ್ನು ತಣ್ಣೀರಿನಲ್ಲಿ ನೆನೆಸಿ ತೆಗೆದೆ. ಮಣ್ಣು ತೆಗೆದೆ, ಹರಿದದ್ದಕ್ಕೆ ಹೊಲಿಗೆ ಹಾಕಿಸಿದೆ. ಗೆರೆ ನಿಲ್ಲುವಂತೆ ಇಸ್ತ್ರಿ ಹಾಕಿದೆ. ಹಸಿರನ್ನು ಮಾತ್ರ ಮುಟ್ಟಲಿಲ್ಲ. ಇವತ್ತು ಹನ್ನೊಂದಕ್ಕೆ ಬನ್ನಿ ಅಂತ ಚೀಟಿ ಬರೆದುಕೊಟ್ಟಿದ್ದೆ. ನಿನ್ನ ವಿಚಾರಣೆ ನಡೆಸುತ್ತಿರುವ ಅಧಿಕಾರಿಯ ಕೋಟೂ ನಮ್ಮಲ್ಲಿಗೇ ಬರುವುದು, ಅವರಿಗೂ ಹನ್ನೊಂದೇ ಹೇಳಿದ್ದೆ. ಅವರ ಎದುರಿಗೇ ಪ್ಯಾಂಟು ಹರಡಿ, "ಕರಡಿ ಹತ್ರ ಹೋದಾಗ ಹಾಕಿದ್ದು ಇದೇ ತಾನೆ? ನಿಮ್ದೇ ಅಲ್ವಾ?" ಅಂತ ಕೇಳಿದೆ. "ನಂದೇ" ಅಂದು ಚೀಟಿಗೆ ಸಹಿ ಹಾಕಿದ. "ಬೇಲಿ ಬಣ್ಣ ಒಂದು ಹೋಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ" ಅಂದೆ. ಅಧಿಕಾರಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಅವನ ಮುಖ ನೋಡಬೇಕಿತ್ತು ನೀನು. "ಕರಡಿ ನೋಡ್ಕೊಳ್ಳೋನೂ ಹೀಗೇ ಬೇಲಿ ಹತ್ತಿ ಇಳಿದ ಸರ್, ಅವತ್ತು ಬೆಳಿಗ್ಗೆ ನಾನೇ ನೋಡ್ದೆ, ಅವನಿಗೇನೂ ಆಗ್ಲಿಲ್ಲ" ಅಂತ ತಡವರಿಸಿದ. ನಾನು ನಕ್ಕುಬಿಟ್ಟೆ. ಸಿಕ್ಕಿಬಿದ್ದ ಮೇಲೆ ಇನ್ನೊಬ್ಬನ ಕಡೆ ಬೆರಳು ತೋರಿಸದವರು ಯಾರಿದ್ದಾರೆ? ಅಧಿಕಾರಿಯೂ ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ, ಪ್ಯಾಂಟನ್ನು ಚೀಟಿ ಸಮೇತ ತೆಗೆದುಕೊಂಡು ಹೋದರು. ಸೋಮವಾರ ಸಮವಸ್ತ್ರ ಹಾಕಿಕೊಂಡು ನೀನು ಕೆಲಸಕ್ಕೆ ಬರಬಹುದಂತೆ.

ಪಕ್ಕದ ಅಂಗಡಿಯ ದರ್ಜಿ ಇದನ್ನೆಲ್ಲ ನೋಡಿ, "ಪಾಪ, ಕಾಲಿಗೆ ಹೊಲಿಗೆ ಬಿದ್ದಿದೆ, ಬಿಟ್ಬಿಡಬಹುದಿತ್ತು" ಅಂದ. ಯಾಕೆ ಬಿಡಬೇಕು? ಬೋರ್ಡು ಇತ್ತು, ಅವನಿಗೆ ಓದಲು ಬರುತ್ತಿತ್ತು. ತನ್ನ ಜೀವವನ್ನು ಮಾತ್ರ ಪಣಕ್ಕಿಟ್ಟಿದ್ದರೆ ಅವನ ಹಣೆಬರಹ ಅನ್ನುತ್ತಿದ್ದೆ. ಅಜ್ಜಿ ಅವನನ್ನು ಕರೆದಿರಲಿಲ್ಲ. ತನ್ನ ಜಾಗದಲ್ಲಿ ಬಿಸಿಲಿಗೆ ಮಲಗಿದ್ದಳು. ಅವನನ್ನು ಉಳಿಸಲು ಅವಳಿಗೆ ಗುಂಡು ಹೊಡೆದರು. ಅವನು ಇನ್ನು ಬದುಕಿರುವಷ್ಟು ದಿನ ತಲೆ ತಗ್ಗಿಸಿಕೊಂಡೇ ಓಡಾಡಲಿ. ನನಗೆ ಚೂರೂ ಮರುಕವಿಲ್ಲ, ಹೊಟ್ಟೆ ತಣ್ಣಗಾಗಿದೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಗಡ್ಡ ಬೋಳಿಸಿಕೊಂಡು, ತಲೆ ಎತ್ತಿಕೊಂಡು ಬಾ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಸಂಜೆ ಲಕೋಟೆ ಅಂಟಿಸುವ ಮೊದಲು, ಸೋಮವಾರಕ್ಕೆ ಬೇಕಲ್ಲ ಅಂತ ನಿನ್ನ ಸಮವಸ್ತ್ರವನ್ನು ಹೊರಗೆ ತೆಗೆದೆ. ಅವತ್ತು ನೀನು ಬಿಚ್ಚಿ ಗಂಟು ಕಟ್ಟಿ ಎಸೆದದ್ದು ಹಾಗೇ ಇತ್ತು. ಬಣ್ಣ ಹಚ್ಚುವವನ ತೋಳಿಗೆ ಹತ್ತುತ್ತದೆ, ಎದೆಗೆ ಸಿಡಿಯುತ್ತದೆ. ನಿನ್ನ ಪ್ಯಾಂಟಿನ ಎರಡೂ ಒಳತೊಡೆಗೆ ಒಂದೊಂದು ಪಟ್ಟೆ ಇತ್ತು. ಥಿನ್ನರ್ ಹಾಕಿ ಮೂರು ಸಲ ಉಜ್ಜಿದೆ. ಪಟ್ಟೆ ಹೋಯಿತು, ಅಲ್ಲಿ ಖಾಕಿ ಸ್ವಲ್ಪ ಮಾಸಿದೆ, ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮ ಹೊಸ ಚಪ್ಪಲಿ ಹಾಕಿಕೊಂಡು ಬೀದಿಗೆ ಇಳಿದಿದ್ದಾಳೆ, ಅವಳಿಗೆ ಹೇಳುವುದಿಲ್ಲ. ಆದರೆ ಸೋಮವಾರ ಮೃಗಾಲಯಕ್ಕೆ ಹೋಗುವ ಮೊದಲು ಅಂಗಡಿಗೆ ಬಾ, ಒಬ್ಬನೇ. ಅವನಿಗೆ ಕೊಡಬೇಕಾದ್ದನ್ನು ಕೊಟ್ಟಾಯಿತು. ನಿನಗೆ ಕೊಡುವುದು ಇನ್ನೂ ಇದೆ.